ಹಸಿರು ಚೌಕದ ಕೆಂಪು ಚುಕ್ಕಿ

ಬೆಳಗಾದರೆ ಸುತ್ತಲ ಹಳ್ಳಿಯವರು ಗುಡ್ಡದ ಮಠಕ್ಕೆ ಬರುವವರಿದ್ದರು. ಯಾವ ಬಾವಿಯ ನೀರು ಕುಡಿಯಬಹುದು ಎಂದು ಮಠದ ಹೊರಗೋಡೆ ನೋಡಿ ತಿಳಿಯಬೇಕಿತ್ತು.

ಆ ಗೋಡೆಯ ಮೇಲೆ ನಕ್ಷೆ ಬರೆಯುವ ಕೆಲಸ ಶಿಷ್ಯ ಅಡಿವೆಪ್ಪನದು. ಅವನ ಮುಂದೆ ಎರಡು ನಕ್ಷೆಗಳಿದ್ದವು. ಒಂದು, ಬಾವಿಯಿಂದ ಬಾವಿಗೆ ಹೋಗಿ ನೀರು ಪರೀಕ್ಷಿಸಿದವರದು. ಕೆಟ್ಟ ನೀರಿಗೆ ಕೆಂಪು ಚುಕ್ಕಿ, ಒಳ್ಳೆಯದಕ್ಕೆ ಹಸಿರು. ಇನ್ನೊಂದರಲ್ಲಿ ಸೀಮೆಯನ್ನೆಲ್ಲ ಚೌಕಗಳಾಗಿ ಕತ್ತರಿಸಿ, ಹೆಚ್ಚಿನ ಬಾವಿ ಹೇಗಿವೆಯೋ ಹಾಗೆ ಇಡೀ ಚೌಕಕ್ಕೆ ಒಂದೇ ಬಣ್ಣ ತುಂಬಿದ್ದರು.

"ಎರಡೂ ಕೂಡಿಸಿ ಒಂದು ಮಾಡು" ಎಂದಿದ್ದರು ಗುರುಗಳು.

ಕೂಡಿಸುವಾಗ ಒಂದು ಹಸಿರು ಚೌಕದೊಳಗೆ ಕೆಂಪು ಚುಕ್ಕಿಯೊಂದು ಬಂದು ಕೂತಿತು. ಅಡಿವೆಪ್ಪ ಅದರ ಮೇಲೆ ಹಸಿರು ಬಳಿದ. ಗೋಡೆಗೆ ನೆಮ್ಮದಿಯಾಯಿತು. ಬಾವಿಯ ನೀರು ಇದ್ದ ಹಾಗೇ ಇತ್ತು.

ಸಂಜೆ ಗುರುಗಳು ಬಂದು ನೋಡಿದರು.

"ಇಲ್ಲೊಂದು ಚುಕ್ಕಿ ಇತ್ತಲ್ಲೋ?"

"ಸುತ್ತಲ ಬಾವಿ ಎಲ್ಲಾ ಛಲೋ ಅದಾವ್ರಿ ಅಜ್ಜಾರ. ಅದೊಂದೇ ತಕರಾರು ಮಾಡ್ತಿತ್ತು."

"ಯಾರ ಬಾವಿ ಅದು?"

ಅಡಿವೆಪ್ಪನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಎಂದೂ ಅನಿಸಿರಲಿಲ್ಲ.

ಗುರುಗಳು ಅಂಗಳದತ್ತ ಕೂಗಿದರು. ಅಲ್ಲಿ ಕೂತಿದ್ದ, ಆ ಬಾವಿಯ ಒಡತಿ ದ್ಯಾಮವ್ವ ಕೋಲೂರಿಕೊಂಡು ಬಂದಳು. ಆ ನೀರು ಕುಡಿದು ಅವಳ ಕಾಲು ಸೊಟ್ಟಗಾಗಿದ್ದವು. ಗೋಡೆ ನೋಡಿ ಹಳದಿ ಹಲ್ಲು ತೋರಿಸಿ ನಕ್ಕಳು.

"ನಮ್ಮ ಬಾವಿ ಹಸಿರಾತೇನೋ ತಮ್ಮಾ? ಹಂಗಾರ ನಾಳಿಂದ ನನ್ನ ಕಾಲು ನೆಟ್ಟಗಾಗ್ತಾವ ಬಿಡು. ಮೊಮ್ಮಗಳಿಗೂ ಅದನ್ನ ಕುಡಸ್ತೀನಿ."

ಅಡಿವೆಪ್ಪನ ಕಿವಿ ಬಿಸಿಯಾಯಿತು. ಕುಂಚ ಅದ್ದಿ ಇಡೀ ಚೌಕಕ್ಕೆ ಕೆಂಪು ಬಳಿದುಬಿಟ್ಟ.

ಗುರುಗಳು ಕುಂಚ ಕಸಿದು ನೆಲಕ್ಕೆ ಬಡಿದರು.

"ಈಗ ಆಕಿ ನೆರೆಯವರು ಸಿಹಿನೀರು ಬಿಟ್ಟು ಎಲ್ಲಿ ಹೋಗಿ ಸಾಯಬೇಕೋ? ಕೂಡಿಸು ಅಂದೆ. ಒಂದನ್ನ ಕೊಂದು ಹಾಕು ಅಂದೆನೇನು?"

"ಎರಡರೊಳಗ ಖರೆ ಯಾವುದ್ರಿ ಮತ್ತ?"

ಗುರುಗಳು ಕೆಂಪನ್ನು ಒರೆಸಿದರು. ಮತ್ತೆ ಹಸಿರು ಬಳಿದು, ದ್ಯಾಮವ್ವನ ಬಾವಿ ಇದ್ದಲ್ಲಿ ಹೆಬ್ಬೆರಳಿನಿಂದ ಕೆಂಪು ಒತ್ತಿದರು. ಆಮೇಲೆ ಪಕ್ಕದ ಚೌಕ ತೋರಿಸಿದರು.

"ಇಲ್ಲಿ ನೀರು ನೋಡಿದವರು ಯಾರು?"

"ಯಾರೂ ಇಲ್ರಿ. ಆಚೀಚೆ ನೋಡಿ ಅಂದಾಜು ಮಾಡಿದ್ದು."

ಗುರುಗಳು ಆ ಹಸಿಬಣ್ಣದ ತುಂಬ ಉಗುರಿನಿಂದ ಗೀರಿದರು. "ಗೀರಿದ್ದು ನಮ್ಮ ಅಂದಾಜು ಅಂತ ಕೆಳಗ ಬರಿ. ದೊಡ್ಡದಾಗಿ ಬರಿ."

ಅಡಿವೆಪ್ಪ ಬರೆದು ಮುಗಿಸಿ ಗೋಡೆ ನೋಡಿದ.

"ಚೆಂದದ ನಕ್ಷಾ ಹೊಲಸಾತಲ್ರಿ ಅಜ್ಜಾರ."

"ನಾಳೆ ಬರೋರು ಚೆಂದ ನೋಡಾಕ ಬರೂದಿಲ್ಲೋ. ಕೊಡ ಹಿಡಕೊಂಡು ಬರ್ತಾರ."