ವ್ಯಾಪಾರಿಯ ಟೆಗು, ಹೆಂಡತಿಯ ಉಡ

"ಅವ್ವಾರ, ಇಬ್ಬರೊಳಗ ಒಬ್ಬಾಕಿನ್ನ ಇಟ್ಕೋಬೇಕಂದ್ರ, ಪ್ರೀತಿಗೆ ಒಲಿಯೋ ಮಗೂನ್ನ ಇಟ್ಕೊಳ್ಳೋದು ತಪ್ಪೇನ್ರಿ?" ಎಂದು ಹಂಪವ್ವ ಗುರುಮಾತೆಯನ್ನು ಕೇಳಿದಳು.

ಕೇಳುವಾಗಲೇ ಅವಳು ಉತ್ತರವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಗುರುಮಾತೆಯಿಂದ ಹೌದು ಎನ್ನಿಸಿಕೊಂಡು ಹೋಗುವುದಷ್ಟೇ ಬಾಕಿ ಇತ್ತು.

ಆ ಬೆಳಿಗ್ಗೆ ಒಂದು ಗಾಡಿಯಲ್ಲಿ ಇಬ್ಬರು ತಬ್ಬಲಿ ಹುಡುಗಿಯರು ಮಠಕ್ಕೆ ಬಂದಿದ್ದರು. ಆ ವರ್ಷ ಮಠದ ಕಣಜದಲ್ಲಿ ಇನ್ನೊಂದು ಹೊಟ್ಟೆಗೆ ಆಗುವಷ್ಟೇ ಜೋಳವಿತ್ತು. ಮಕ್ಕಳನ್ನು ನೋಡಿಕೊಳ್ಳುವವಳು ಹಂಪವ್ವ. ಆರಿಸುವ ಹೊಣೆಯೂ ಅವಳದೇ. ಮೊದಲನೆಯವಳು ಗಾಡಿ ಇಳಿದವಳೇ ಎಲ್ಲರ ಕಾಲು ಮುಟ್ಟಿ ನಮಸ್ಕರಿಸಿ, ಹೇಳಿಸಿಕೊಳ್ಳದೆ ಕಸಬರಿಗೆ ಹಿಡಿದಳು. ಎರಡನೆಯವಳು ಕಂಬದ ಹಿಂದೆ ನಿಂತಳು. ತಲೆ ಬಾಚಲು ಹೋದ ಹಂಪವ್ವನ ಕೈಯನ್ನು ಕಚ್ಚಿದಳು. ಅರಿಸಿನ ಮೆತ್ತಿದ ಆ ಕೈಯನ್ನು ಹಂಪವ್ವ ಈಗ ಗುರುಮಾತೆಗೆ ಚೆನ್ನಾಗಿ ಕಾಣುವಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಬೇಡವಾದವಳು ಸಂಜೆಯೊಳಗೆ ಅದೇ ಗಾಡಿಯಲ್ಲಿ ತಿರುಗಿ ಹೋಗಬೇಕು. ಮೊದಲನೆಯವಳಿಗಾದರೆ ಬಡವಳಾದ ಒಬ್ಬ ಅಜ್ಜಿ ಇದ್ದಳು. ಎರಡನೆಯವಳನ್ನು ಅವಳಿದ್ದ ಮನೆಯವರು ದನದ ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದರೆಂದು ಗಾಡಿಯವನು ಹೇಳಿದ್ದ. ಹಂಪವ್ವನಿಗೆ ಆ ಮಾತು ಕೇಳಿಸಿತ್ತು. ಕೈ ಉರಿಯುತ್ತಿದ್ದುದರಿಂದ ಮನಸ್ಸಿಗೆ ಇಳಿದಿರಲಿಲ್ಲ.

ಗುರುಮಾತೆ ತಮ್ಮ ಬಲಗೈ ಹೆಬ್ಬೆರಳ ಬುಡವನ್ನು ಎಡಗೈಯಿಂದ ಮೆಲ್ಲಗೆ ಉಜ್ಜಿಕೊಂಡರು. ಯೋಚಿಸುವಾಗ ಹಾಗೆ ಮಾಡುವುದು ಅವರ ಹಳೆಯ ಅಭ್ಯಾಸ.

"ಕೂಡು. ಕತಿ ಸಣ್ಣದೈತಿ" ಎಂದರು.

ಒಬ್ಬ ಕಾಳಿನ ವ್ಯಾಪಾರಿ ಇದ್ದ. ಅವನಿಗೆ ಮಕ್ಕಳಿರಲಿಲ್ಲ. ಕರೆದರೆ ಓಡಿ ಬರುವ ಒಂದು ಜೀವ ಮನೆಯಲ್ಲಿರಲಿ ಎಂಬುದು ಅವನ ಆಸೆ. ನಾಯಿ ಸಾಕಬಹುದಿತ್ತು. ಆದರೆ ಊರಲ್ಲಿ ಇನ್ನಾರ ಬಳಿಯೂ ಇಲ್ಲದ್ದೇ ಅವನಿಗೆ ಬೇಕಿತ್ತು. ಹಡಗಿನಲ್ಲಿ ತಿರುಗುವ ಅವನ ಗೆಳೆಯನೊಬ್ಬ ಕಡಲಾಚೆಯಿಂದ ಒಂದು ಪ್ರಾಣಿ ತಂದುಕೊಟ್ಟ. ನೋಡಲು ನಮ್ಮ ಉಡದ ಹಾಗೆಯೇ. ಮೈಮೇಲೆ ಕಪ್ಪು ಬಿಳುಪಿನ ಪಟ್ಟೆ. ಆ ದೇಶದವರು ಅದನ್ನು ಟೆಗು ಎನ್ನುತ್ತಾರಂತೆ.

"ಹೆಸರು ಕೇಳಿದ್ರ ಉಂಡು ತೇಗಿದಂಗೈತಿ" ಎಂದು ವ್ಯಾಪಾರಿಯ ಹೆಂಡತಿ ನಕ್ಕಳು.

ಅದೇ ದಿನ ಅವನ ಆಳುಗಳಿಗೆ ಹೊಲದ ಬದುವಿನಲ್ಲಿ ಒಂದು ಉಡ ಸಿಕ್ಕಿತು. ಬಾಲ ಹಿಡಿದು ಬಿಲದಿಂದ ಎಳೆದು, ಹಗ್ಗ ಬಿಗಿದು ತಂದರು. ಹಿತ್ತಲಲ್ಲಿ ಇದ್ದದ್ದು ಒಂದೇ ಕಲ್ಲಿನ ದೊಡ್ಡಿ. ಎರಡನ್ನೂ ಕೂಡಿ ಬಿಟ್ಟರೆ ಒಂದನ್ನೊಂದು ಹರಿದುಹಾಕುತ್ತವೆ. ಒಂದನ್ನೇ ಆರಿಸಬೇಕು. ಉಡ ಬೇಡವೆಂದಾದರೆ ಅದರ ಗತಿಯೇನೆಂದು ಯಾರೂ ಕೇಳಬೇಕಿರಲಿಲ್ಲ. ಆಳುಗಳು ಆಗಲೇ ಒಲೆ ಹೂಡಿ ಮಸಾಲೆ ಅರೆಯುತ್ತಿದ್ದರು.

ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕಾಳು ತೆಗೆದು ನೋಡಿ ಇಡೀ ರಾಶಿಯ ಗುಣ ಹೇಳುವುದು ವ್ಯಾಪಾರಿಯ ರೂಢಿ. ಅದರಲ್ಲಿ ಅವನು ಎಂದೂ ಮೋಸಹೋದವನಲ್ಲ. ಇಲ್ಲೂ ಹಾಗೆಯೇ ನೋಡೋಣವೆಂದು ಅಂಗೈಯಲ್ಲಿ ಮೊಟ್ಟೆ ಇಟ್ಟು ಟೆಗುವಿನ ಮುಂದೆ ಹಿಡಿದ. ಅದು ಮೊಟ್ಟೆಯನ್ನು ಹೂವೆತ್ತಿದಂತೆ ಎತ್ತಿಕೊಂಡು ತಿಂದು, ಅವನ ಮಣಿಕಟ್ಟಿನ ಮೇಲೆ ಗದ್ದವೂರಿ ಕಣ್ಣು ಮುಚ್ಚಿತು. ವ್ಯಾಪಾರಿ ಕರಗಿಹೋದ. ಆಮೇಲೆ ಉಡದ ಹಗ್ಗ ಬಿಚ್ಚಿಸಿ, ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಿಂದ ಮೊಟ್ಟೆ ಒಡ್ಡಿದ. ಉಡ ಮೊಟ್ಟೆಯನ್ನು ಬಿಟ್ಟು ಅವನ ಬೆರಳನ್ನು ಹಿಡಿಯಿತು.

ಉಡದ ಪಟ್ಟು ಎಂದರೆ ಕೇಳಬೇಕೇ? ವ್ಯಾಪಾರಿ ಜಗ್ಗಿದಷ್ಟೂ ಅದು ಬಿಗಿಯಿತು. ಅವನು ಕೂಗಿದ ಕೂಗಿಗೆ ಅಕ್ಕಪಕ್ಕದವರು ಗೋಡೆಯ ಮೇಲೆ ಹಣಿಕಿದರು.

"ಜಗ್ಗಬ್ಯಾಡ್ರಿ. ಕೈಯನ್ನ ನೆಲಕ್ಕ ಇಳಸ್ರಿ" ಎಂದಳು ಹೆಂಡತಿ.

ಅವನು ಕೈ ಇಳಿಸಿದ. ಉಡದ ನಾಲ್ಕು ಕಾಲಿಗೂ ನೆಲ ತಾಗಿತು. ಅದು ಬೆರಳು ಬಿಟ್ಟು ಮೂಲೆಗೆ ಓಡಿತು.

"ಒಯ್ಯಿರೋ ಅದನ್ನ!" ಎಂದು ವ್ಯಾಪಾರಿ ಆಳುಗಳಿಗೆ ಹೇಳಿದ. "ಬೇಲಿ ಮ್ಯಾಲಿನ ಓತಿಕ್ಯಾತನ್ನ ಪಂಚಿಯೊಳಗ ಬಿಟ್ಕೊಂಡಂಗಾತು. ಉಡ ಹೊಕ್ಕ ಮನಿ ಹಾಳು ಅಂತ ಹಿರ್ಯಾರು ಸುಮ್ನ ಹೇಳ್ಯಾರೇನು?"

ಉಡ ಹೊಕ್ಕ ಮನೆಗೆ ಬೀಗ ಹಾಕಿ ಮನೆಯವರು ಕೆಲಕಾಲ ಹೊರಗಿರುವ ರೂಢಿ ಆ ಊರಲ್ಲಿತ್ತು. ಗೋಡೆಯ ಮೇಲಿನವರೂ ಹೌದು ಹೌದು ಎಂದರು. ಹೆಂಡತಿ ಮಾತ್ರ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು.

"ತಾನಾಗಿ ಹೊಕ್ಕ ಉಡಕ್ಕ ಆ ಮಾತು. ಇದು ಹೊಕ್ಕಿಲ್ರೀ, ನಾವು ಎಳಕೊಂಡು ಬಂದೇವಿ. ಚೀಲದಾಗ ಕೈ ಹಾಕಿದ್ರ ಯಾವ ಹೊಲದ ಕಾಳು ಅಂತ ಹೇಳ್ತೀರಲ್ಲ, ಇವು ಎಂಥಾ ಕೈಯಾಗಿಂದ ಬಂದಾವ ಅಂತ ನಿಮಗ ತಿಳೀಲಿಲ್ಲೇನು?"

ಹೆಂಡತಿಯ ಮಾತಿಗೆ ಎದುರಾಡಲಾಗದ ಗಂಡಂದಿರು ಮಾಡುವಂತೆ, ವ್ಯಾಪಾರಿ ಅಂಗಡಿಗೆ ತಡವಾಯಿತೆಂದು ಹೊರಟುಹೋದ. ಅವನು ತಿರುಗಿ ಬರುವಷ್ಟರಲ್ಲಿ ಅವಳು ದೊಡ್ಡಿಯ ನಡುವೆ ಗೋಡೆ ಎಬ್ಬಿಸಿದ್ದಳು. ಒಂದು ಪಾಲು ಅವನ ಟೆಗುವಿಗೆ, ಒಂದು ಪಾಲು ಅವಳ ಉಡಕ್ಕೆ. ಆಳುಗಳು ಅರೆದ ಮಸಾಲೆಯನ್ನು ಬದನೆಕಾಯಿಗೆ ಹಾಕಿಕೊಂಡು ಉಂಡರು.

ಅಂದಿನಿಂದ ವ್ಯಾಪಾರಿ ಸಂಜೆಯಾದರೆ ಟೆಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದ. ಹೆಂಡತಿ ಉಡದ ಬಿಲದ ಮುಂದೆ ಮೊಟ್ಟೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಅವಳು ದೂರ ಹೋದ ಮೇಲೆಯೇ ಅದು ಹೊರಗೆ ಬರುತ್ತಿತ್ತು. "ನಿನ್ನ ಅಳಿಯ ಇವತ್ತಾದ್ರೂ ಮಾತಾಡಿದನೇನು?" ಎಂದು ವ್ಯಾಪಾರಿ ಛೇಡಿಸುತ್ತಿದ್ದ. "ಉಂಡಾನ, ಸಾಕು" ಎನ್ನುತ್ತಿದ್ದಳು.

ಚಳಿಗಾಲ ಬಂತು. ಟೆಗು ಮಣ್ಣು ಕೆದರಿ ಒಳಗೆ ಹೋಗಿ ಮಲಗಿತು. ಚಳಿಯಲ್ಲಿ ತಿಂಗಳುಗಟ್ಟಲೆ ಮಲಗುವುದು ಅದರ ಜಾತಿಯ ಗುಣ ಎಂದು ಗೆಳೆಯ ಮೊದಲೇ ಹೇಳಿದ್ದ. ಆದರೂ ವ್ಯಾಪಾರಿ ನೊಂದ. ಕರೆದರೂ ಬರಲಿಲ್ಲವಲ್ಲ, ಇಷ್ಟೇ ಏನು ಇದರ ಪ್ರೀತಿ ಎಂದು ಮುಖ ಊದಿಸಿಕೊಂಡು ಖಾಲಿ ತೊಡೆಯೊಂದಿಗೆ ಕುಳಿತ. ಅದೇ ಹೊತ್ತಿಗೆ ಹೆಂಡತಿ ತಂಗಿಯ ಬಾಣಂತನಕ್ಕೆ ಹೊರಟಳು. "ಮೊಟ್ಟಿ ಇಟ್ಟು ಕೈ ತಗೋರಿ. ಏನೂ ಬೇಡಬ್ಯಾಡ್ರಿ ಅದರ ಕಡೆ" ಎಂದು ಹೇಳಿಹೋದಳು.

ವ್ಯಾಪಾರಿ ಮೊದಮೊದಲು ಬೈಯುತ್ತ ಇಟ್ಟ. ಆಮೇಲೆ ಸುಮ್ಮನೆ ಇಟ್ಟ. ಕಡೆಕಡೆಗೆ, ಇಟ್ಟ ಮೊಟ್ಟೆ ಬೆಳಿಗ್ಗೆ ಇಲ್ಲದಿದ್ದರೆ ಅವನಿಗೆ ಸಂತೋಷವಾಗತೊಡಗಿತು. ಏನೂ ತಿರುಗಿ ಬಾರದ ಕಡೆ ಕೊಡುವುದು ಅವನ ವ್ಯಾಪಾರದಲ್ಲಿ ಇರಲಿಲ್ಲ. ಒಂದು ಸಂಜೆ ಅವನು ಮೊಟ್ಟೆ ಇಟ್ಟು, ಯಾವುದೋ ಯೋಚನೆಯಲ್ಲಿ ಕೈ ಹಿಂದಕ್ಕೆ ತೆಗೆಯಲು ಮರೆತ. ಉಡ ಹೊರಗೆ ಬಂತು. ನಾಲಿಗೆ ಚಾಚಿ ಅವನ ಬೆರಳನ್ನು ಮೂಸಿತು. ತಾನು ಕಚ್ಚಿದ್ದ ಬೆರಳೇ ಅದು. ಬೆರಳನ್ನು ಬಿಟ್ಟು ಮೊಟ್ಟೆಯನ್ನು ತಿಂದು ತಿರುಗಿ ಹೋಯಿತು.

ಅಷ್ಟೇ ಆದದ್ದು. ವ್ಯಾಪಾರಿ ಅಲ್ಲೇ ಕುಳಿತು ಅತ್ತ. ತೊಡೆಯ ಮೇಲೆ ಅಷ್ಟು ಸಂಜೆ ಟೆಗು ಮಲಗಿದಾಗಲೂ ಅವನಿಗೆ ಹೀಗೆ ಆಗಿರಲಿಲ್ಲ. ಹೆಂಡತಿ ಬಂದ ಕೂಡಲೇ, ಅವಳು ಕಾಲು ತೊಳೆಯುವ ಮೊದಲೇ, "ಅವತ್ತು ನೀ ಅಡ್ಡ ನಿಂತದ್ದು ಭಾಳ ಉಪಕಾರ ಆತು" ಎಂದ. ಮದುವೆಯಾದ ಮೇಲೆ ಅವನು ಅವಳಿಗೆ ಉಪಕಾರ ಎಂದದ್ದು ಅದೇ ಮೊದಲು. ಅವಳು ಚಂಬು ಕೆಳಗಿಟ್ಟು ಅವನ ಹಣೆ ಮುಟ್ಟಿ ನೋಡಿದಳು.

ಗುರುಮಾತೆ ಇಲ್ಲಿಗೆ ನಿಲ್ಲಿಸಿದರು.

"ಅಂದ್ರ ಟೆಗು ಕೀಳು, ಉಡ ಮೇಲು ಅಂದಂಗಾತಲ್ರಿ" ಎಂದಳು ಹಂಪವ್ವ. ಅವಳ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ನಾ ಎಲ್ಲಿ ಹಂಗಂದೆ?" ಎಂದರು ಗುರುಮಾತೆ. "ಬ್ಯಾಸಗಿ ಬಂತು. ಟೆಗು ಎದ್ದು ಬಂದು ಮೊದಲಿನಂಗ ತೊಡಿ ಏರಿತು. ವ್ಯಾಪಾರಿ ಅವತ್ತ ಹಡಗಿನ ಗೆಳೆಯನ ಮನಿಗೆ ಹೋಗಿ ಅವನ ಎರಡೂ ಕೈ ಹಿಡಕೊಂಡ. ಪುಕ್ಕಟ ಬಂದ ಪ್ರೀತಿ ಅಂತ ತಿಳದಿದ್ದನಲ್ಲ, ಅದರ ಹಿಂದ ಈ ಗೆಳೆಯನ ಕೈ ಹಡಗಿನಾಗ ಎಷ್ಟು ದಿನ ಮೊಟ್ಟಿ ಇಟ್ಟು ಕಾದಿತ್ತು ಅನ್ನೋದು ಆಗ ತಿಳೀತು ಅವಂಗ."

ಹಂಪವ್ವ ಅಂಗಳದ ಕಡೆ ನೋಡಿದಳು. ಕಸ ಗುಡಿಸಿದ ಹುಡುಗಿ ಗಾಡಿಯ ಎತ್ತುಗಳಿಗೆ ನೀರು ತೋರಿಸುತ್ತಿದ್ದಳು. ಅವಳಿಗೆ ಯಾರ ಕಾಲು ಮುಟ್ಟಬೇಕು, ಕಸಬರಿಗೆ ಹೇಗೆ ಹಿಡಿಯಬೇಕು ಎಂದು ಕಲಿಸಿದ ಅಜ್ಜಿ ಒಬ್ಬಳಿದ್ದಾಳೆಂಬುದು ಹಂಪವ್ವನಿಗೆ ಈಗ ನೆನಪಾಯಿತು. ಇನ್ನೊಬ್ಬಳು ಕಂಬವನ್ನು ಬಿಟ್ಟು ಕದಲಿರಲಿಲ್ಲ. ಅವಳ ಕಣಕಾಲಿನ ಸುತ್ತ ಹಗ್ಗದ ಗುರುತು ಇತ್ತು. ಬೆಳಿಗ್ಗೆಯಿಂದ ಅದು ಅಲ್ಲೇ ಇತ್ತು; ಹಂಪವ್ವ ಕಂಡದ್ದು ಈಗ.

"ಆದ್ರ ಅವ್ವಾರ, ಗೋಡೆ ಎಬ್ಬಿಸಿ ದೊಡ್ಡಿ ಎರಡು ಮಾಡಬಹುದು, ಜ್ವಾಳ ಎರಡಾಗೂದಿಲ್ಲಲ್ರಿ. ಇರೋದು ಒಂದು ಹೊಟ್ಟಿಗೆ. ನಾ ಏನ ಮಾಡಲಿ?"

ಗುರುಮಾತೆ ಬಲಗೈಯನ್ನು ಚಾಚಿ ಹಂಪವ್ವನ ಅರಿಸಿನದ ಕೈಯ ಪಕ್ಕದಲ್ಲಿ ಇಟ್ಟರು. ಅವರು ದಿನವೂ ಉಜ್ಜಿಕೊಳ್ಳುವ ಹೆಬ್ಬೆರಳ ಬುಡದಲ್ಲಿ, ಸಣ್ಣ ಹಲ್ಲುಗಳ ಅರ್ಧಚಂದ್ರದಂಥ ಒಂದು ಹಳೆಯ ಕಲೆ ಇತ್ತು.

"ನೀ ಬಂದ ವರ್ಷಾನೂ ಇಬ್ಬರು ಬಂದಿದ್ರಿ, ಜ್ವಾಳ ಒಂದು ಹೊಟ್ಟಿಗೇ ಇತ್ತು, ಹಂಪವ್ವಾ. ಇದು ನೀ ಕಚ್ಚಿದ ಗುರುತು."

ಹಂಪವ್ವ ಆ ಕೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.