ಅಳತೆ ಅಂಗಿ

೨೦೦೯, ಫೆಬ್ರವರಿ ಹನ್ನೊಂದು, ಬುಧವಾರ. ಬೆಳಗಿನಿಂದ ಮೋಡ ಕವಿದಿತ್ತು, ಮಳೆ ಬರಲಿಲ್ಲ.

ಶಿಷ್ಯ ಊಟದ ಕ್ಯಾರಿಯರ್ ತಂದು ಗುರುಗಳ ಮುಂದೆ ಇಟ್ಟು ಮುಚ್ಚಳ ತೆಗೆದ. ಅನ್ನ, ಸಾರು, ಪಲ್ಯ ಹಾಗೇ ಇದ್ದವು.

"ಹಿಂದಿನ ಬೀದಿಯಲ್ಲಿ ಎಚ್‌ಐವಿ ಇರುವ ಒಬ್ಬನಿಗೆ ಇಪ್ಪತ್ತು ದಿನದಿಂದ ಊಟ ಒಯ್ಯುತ್ತಿದ್ದೇನೆ, ಗುರುಗಳೇ. ಅವನ ಮನೆಯಲ್ಲಿ ಅಡುಗೆ ಮಾಡುವವರಿಲ್ಲ. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿದರೆ ವಾಂತಿಯಾಗುತ್ತದೆ. ಆದರೂ ಈ ವಾರ ಮೂರು ಸಲ ಊಟ ಹೀಗೇ ವಾಪಸು ಬಂದಿದೆ. ಒಂದು ಕಾಸೂ ಕೇಳದೆ ಕೊಡುವುದನ್ನು ಅವನೇಕೆ ತಿನ್ನುವುದಿಲ್ಲ?"

"ಕ್ಯಾರಿಯರನ್ನು ಎಲ್ಲಿ ಇಡುತ್ತೀ?"

"ಕಾಂಪೌಂಡ್ ಗೋಡೆಯ ಮೇಲೆ. ಗೇಟು ಬಡಿದು ಬಂದುಬಿಡುತ್ತೇನೆ. ಅವನೇ ಬಂದು ತೆಗೆದುಕೊಳ್ಳುತ್ತಾನೆ."

ಗುರುಗಳು ಮುಚ್ಚಳ ಹಾಕಿದರು. ಒಂದು ಕತೆ ಹೇಳಿದರು.

ಒಂದು ಊರಿನ ಬಸ್ ನಿಲ್ದಾಣದ ಎದುರು ಒಬ್ಬ ದರ್ಜಿಯ ಅಂಗಡಿ ಇತ್ತು. ಅಳತೆಗೆಂದು ಹಳೆಯ ಅಂಗಿ ತಂದವರನ್ನು ಅವನು ಬೈಯುತ್ತಿದ್ದ. "ಒಗೆದ ಬಟ್ಟೆ ಕುಗ್ಗಿರುತ್ತದೆ. ಅದನ್ನು ಆ ಗೂಟಕ್ಕೆ ಹಾಕು. ನೀನು ಬಾ, ಇಲ್ಲಿ ನಿಲ್ಲು," ಎಂದು ಟೇಪು ಹಿಡಿಯುತ್ತಿದ್ದ.

ಅದೇ ಊರಿನಲ್ಲಿ ಒಬ್ಬ ಲಾರಿ ಚಾಲಕನಿದ್ದ. ಹತ್ತು ವರ್ಷ ಅವನ ಅಂಗಿಗಳನ್ನೆಲ್ಲ ಈ ದರ್ಜಿಯೇ ಹೊಲಿದಿದ್ದ. ಚಾಲಕ ಕಾಯಿಲೆ ಬಿದ್ದ. ಎಚ್‌ಐವಿ ಎಂದು ಊರಿಗೆಲ್ಲ ಗೊತ್ತಾಯಿತು. ಕೆಲಸ ಹೋಯಿತು. ಪ್ರತಿ ತಿಂಗಳ ಮೊದಲ ಸೋಮವಾರ ಅವನು ಬಸ್ ಹತ್ತಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಿದ್ದ. ಒಂದು ಸೋಮವಾರ ದರ್ಜಿ ಅವನ ಹರಿದ ಅಂಗಿಯನ್ನು ನೋಡಿದ. ಪಾಪ ಎನಿಸಿತು.

"ಒಂದು ಅಂಗಿ ಹೊಲಿದುಕೊಡುತ್ತೇನಣ್ಣ. ಬಟ್ಟೆಯೂ ನನ್ನದೇ. ಕೂಲಿ ಬೇಡ. ಅಳತೆಗೆ ಒಂದು ಹಳೇ ಅಂಗಿ ಕಳಿಸು, ಸಾಕು," ಎಂದ.

ಚಾಲಕ ಅವನ ಕೊರಳಲ್ಲಿದ್ದ ಟೇಪನ್ನು ನೋಡಿದ. ಅಂಗಿ ಕಳಿಸಿದ.

ಮುಟ್ಟಿದರೆ ಆ ಕಾಯಿಲೆ ಬರುವುದಿಲ್ಲವೆಂದು ದರ್ಜಿಗೆ ಗೊತ್ತಿತ್ತು. ಆಸ್ಪತ್ರೆಯ ಗೋಡೆಯ ಮೇಲೆ ಬರೆದದ್ದನ್ನು ಓದಿದ್ದ. ಆದರೂ ಕೈ ಮುಂದೆ ಬಂದಿರಲಿಲ್ಲ.

ಮುಂದಿನ ತಿಂಗಳು ಚಾಲಕ ಹೊಸ ಅಂಗಿ ಹಾಕಿಕೊಂಡು ಬಸ್ ಹತ್ತಿದ. ದರ್ಜಿ ಮಷಿನ್ ನಿಲ್ಲಿಸಿ ನೋಡಿದ. ಖುಷಿಯಾಯಿತು. ಅದರ ಮುಂದಿನ ತಿಂಗಳು ಚಾಲಕ ನಿಲ್ದಾಣಕ್ಕೆ ಬರಲೇ ಇಲ್ಲ. ಮೂರು ವಾರ ಕಾದು ದರ್ಜಿ ಅವನ ಮನೆಗೆ ಹೋದ. ಚಾಲಕ ಜ್ವರ ಬಂದು ಮಲಗಿದ್ದ. ಹೊಸ ಅಂಗಿ ಗೋಡೆಯ ಗೂಟದಲ್ಲಿತ್ತು.

"ಮಾತ್ರೆಗೆ ಹೋಗಲಿಲ್ಲವೇನಣ್ಣ?"

"ಈ ಅಂಗಿ ಹಾಕಿಕೊಂಡ ದಿನ ಹೊರಟಿದ್ದೆ. ಕಂಡಕ್ಟರ್ ನನ್ನನ್ನು ನೋಡಿ, 'ಯಾರ ಅಂಗಿ ಎತ್ತಿಕೊಂಡು ಬಂದೆಯೋ ಮಾರಾಯ, ಇದರೊಳಗೆ ಇನ್ನೊಬ್ಬ ಹಿಡಿಸುತ್ತಾನೆ, ಎರಡು ಟಿಕೆಟ್ ಹರಿಯಲಾ?' ಅಂದ. ಬಸ್ಸೆಲ್ಲ ನಕ್ಕಿತು. ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ. ಆಮೇಲೆ ಆ ಕಡೆ ಹೋಗಲಿಲ್ಲ."

"ಅಳತೆ ಸರಿಯಾಗಿಯೇ ಇತ್ತಲ್ಲಣ್ಣ."

"ಸರಿಯಾಗಿತ್ತು, ಹೋದ ವರ್ಷದ ನನಗೆ. ಹತ್ತು ವರ್ಷ ನನ್ನ ಅಂಗಿಯನ್ನು ಗೂಟಕ್ಕೆ ಹಾಕಿಸಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡೆ. ಈ ಸಲ ನನ್ನನ್ನೇ ಗೂಟಕ್ಕೆ ಹಾಕಿದೆಯಲ್ಲೋ."

ದರ್ಜಿ ಕೊರಳಿನ ಟೇಪು ತೆಗೆದ. ಚಾಲಕನ ತೋಳು ಹಿಡಿದು ಎಬ್ಬಿಸಿದ. ಅವನಿಗೆ ನೆಟ್ಟಗೆ ನಿಲ್ಲಲಾಗಲಿಲ್ಲ. ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕತ್ತು, ಹೆಗಲು, ಎದೆ ಅಳೆದ. ಮೈ ಸುಡುತ್ತಿತ್ತು. ಎದೆಯ ಸುತ್ತಳತೆಯಲ್ಲಿ ಐದು ಅಂಗುಲ ಕಡಿಮೆಯಾಗಿತ್ತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಎರಡನೆಯ ಅಂಗಿ ಸಿದ್ಧವಾಯಿತು. ಚಾಲಕ ಅದನ್ನು ಹಾಕಿಕೊಂಡು ಆಸ್ಪತ್ರೆಯ ಬಸ್ ಹತ್ತಿದ. ದರ್ಜಿ ಅಂಗಡಿ ಮುಚ್ಚಿ ಬಂದು ಪಕ್ಕದ ಸೀಟಿನಲ್ಲಿ ಕುಳಿತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕ್ಯಾರಿಯರನ್ನು ನೋಡುತ್ತಿದ್ದ. ತಲೆಯೆತ್ತಿ ಕೇಳಿದ:

"ಎರಡನೆಯ ಅಂಗಿಗೂ ದರ್ಜಿ ಕೂಲಿ ಬೇಡವೆಂದನೇ?"

"ಎರಡನೆಯದಕ್ಕೆ ಚಾಲಕ ತೊಂಬತ್ತು ರೂಪಾಯಿ ಕೊಟ್ಟ, ದರ್ಜಿ ತೆಗೆದುಕೊಂಡ, ಬಿಟ್ಟಿ ಬಂದ ಅಂಗಿಗೆ ಚಾಲಕ ತೆತ್ತದ್ದು ಎರಡು ತಿಂಗಳ ಮಾತ್ರೆ."