ಹಳ್ಳದಲ್ಲಿ ಬಿಡಾರ ಹೂಡಿದ ರುದ್ರಪ್ಪ

ಮಕ್ಕಳೇ, ಮರಳುಗಾಡು ಎಂದರೆ ಬರೀ ಮರಳು ಎಂದುಕೊಂಡಿದ್ದೀರಾ? ಈ ಕತೆಯ ಮರಳುಗಾಡಿನಲ್ಲಿ ಕಲ್ಲುಬಂಡೆಗಳಿದ್ದವು, ಮುಳ್ಳುಜಾಲಿಗಳಿದ್ದವು, ಒಂದು ಹನಿ ನೀರಿಲ್ಲದ ಅಗಲವಾದ ಹಳ್ಳವೂ ಇತ್ತು. ಹಗಲಲ್ಲಿ ಬಿಸಿಲು ಎಂದರೆ ಕಾದ ಕಾವಲಿಯೇ. ಅಂಥ ಕಡೆ ಯಾರು ಇರುತ್ತಾರೆ ಎನ್ನುತ್ತೀರಾ? ಇರುವೆಗಳಿದ್ದವು, ಜೇಡಗಳಿದ್ದವು, ಚೇಳುಗಳಿದ್ದವು. ನಮಗೆ ಅದು ಮರಳುಗಾಡು, ಅವರಿಗೆ ಅದು ಸ್ವಂತ ಊರು.

ಒಂದು ದಿನ ಬೆಳಿಗ್ಗೆ ಆ ಊರಿಗೆ ಹಸಿರು ಕಾಡಿನಿಂದ ಇಬ್ಬರು ಬಂದಿಳಿದರು. ಕಪ್ಪು ಮುಖದ, ಉದ್ದ ಬಾಲದ ಮುಸುವ ಕೋತಿ ರುದ್ರಪ್ಪ ಮತ್ತು ಅವನ ಹೆಂಡತಿ ಸಾಕವ್ವ. ಒಂಟೆ ಮಲ್ಲೋಜಿ ಅವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಬಂದಿದ್ದ. ಮರಳುಗಾಡಿನ ಆಚೆ ಅಂಚಿನ ತೋಪಿನಲ್ಲಿ ಸಾಕವ್ವನ ತಂಗಿ ಇದ್ದಳು. ಅವಳಿಗೆ ಚೊಚ್ಚಲು ಹೆರಿಗೆಯಾಗಿತ್ತು. ಬಾಣಂತಿಗೆಂದು ಸಾಕವ್ವ ವಾರವಿಡೀ ಮರಗಳ ಅಂಟು ಕೆರೆದು, ಕೊಬ್ಬರಿ ಬೆಲ್ಲ ಸೇರಿಸಿ, ಅಂಟಿನುಂಡೆ ಕಟ್ಟಿದ್ದಳು. ಗಂಟು ಅವಳ ತಲೆಗಿಂತ ದೊಡ್ಡದಿತ್ತು.

ರುದ್ರಪ್ಪ ಕೆಟ್ಟವನೇನಲ್ಲ. ಆದರೆ ಅವನಿಗೆ ಯಾರ ಮಾತನ್ನೂ ಕೊನೆಯವರೆಗೆ ಕೇಳುವ ತಾಳ್ಮೆ ಇರಲಿಲ್ಲ. ಎದುರಿಗಿದ್ದವರು ನಾಲ್ಕು ಮಾತು ಆಡುವುದರೊಳಗೆ "ಗೊತ್ತು, ಗೊತ್ತು" ಎಂದು ಕೈ ಬೀಸಿಬಿಡುತ್ತಿದ್ದ.

ಮಲ್ಲೋಜಿ ಮಂಡಿಯೂರಿ ಇಬ್ಬರನ್ನೂ ಇಳಿಸಿದ. "ನಾನು ಗುಡ್ಡದ ಹಿಂದೆ ಮೇಯ್ದು, ಬಿಸಿಲು ಇಳಿದ ಮೇಲೆ ಬರುತ್ತೇನೆ. ಅಲ್ಲಿಯವರೆಗೆ ನೆರಳು ನೋಡಿಕೊಂಡು ಇರಿ. ಹಳ್ಳದ ಕಡೆ ಮಾತ್ರ..."

"ಗೊತ್ತು, ಗೊತ್ತು!" ಎಂದ ರುದ್ರಪ್ಪ. "ನಾವೇನು ಚಿಕ್ಕ ಮಕ್ಕಳೇ? ನೀನು ಹೊರಡು."

ಒಂಟೆ ಕತ್ತು ಉದ್ದ ಮಾಡಿ ಅವನನ್ನೊಮ್ಮೆ ನೋಡಿ, ಮಾತು ನುಂಗಿಕೊಂಡು ಹೊರಟುಹೋದ.

ಹಳ್ಳದ ದಡದ ಮೇಲೆ ಒಂದು ದೊಡ್ಡ ಬಂಡೆ, ಅದರ ಪಕ್ಕದಲ್ಲೇ ಒಂದು ಜಾಲಿಮರ. ಸಾಕವ್ವ ಜಾಲಿಯ ನೆರಳಲ್ಲಿ ಕಂಬಳಿ ಹಾಸಿದಳು. ರುದ್ರಪ್ಪ ಕಾಲು ಚಾಚಿ ಮಲಗಿದ. ಕಣ್ಣು ಎಳೆಯುವಷ್ಟರಲ್ಲಿ ತೊಡೆ ಚುರ್ ಎಂದಿತು.

"ಅಯ್ಯಯ್ಯೋ!" ಎಂದು ಅವನು ಎದ್ದು ಕುಣಿದ.

ನೋಡಿದರೆ ಕಂಬಳಿಯ ಮೇಲೆ ಇರುವೆಗಳ ಸಾಲು. ಹಳ್ಳದಿಂದ ಹತ್ತಿ, ಕಂಬಳಿಯನ್ನು ಹಾದು, ಬಂಡೆಯ ಕಡೆಗೆ ಹೊರಟಿತ್ತು. ಒಂದೊಂದರ ಬಾಯಲ್ಲೂ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ.

ಸಾಲಿನ ಮುಂದಿದ್ದ ಅಕ್ಕಯ್ಯ ಎಂಬ ಇರುವೆ ನಿಂತು ಹೇಳಿದಳು. "ತಪ್ಪು ತಿಳಿಯಬೇಡಿ ಅಣ್ಣ. ನಮ್ಮ ದಾರಿಗೆ ನಿಮ್ಮ ಹಾಸಿಗೆ ಅಡ್ಡ ಬಂದಿದೆ. ಯಾರೋ ಹುಡುಗಿ ಗಾಬರಿಯಲ್ಲಿ ಕಚ್ಚಿದಳು. ನಮಗೆ ತುಂಬ ಅವಸರ. ಕೆಳಗೆ ನಮ್ಮ ಗೂಡಿನಲ್ಲಿ ಬೆಳಿಗ್ಗೆಯಿಂದ..."

"ಗೊತ್ತು, ಗೊತ್ತು! ಅಂಟಿನುಂಡೆಯ ವಾಸನೆ ಹಿಡಿದು ಬಂದಿದ್ದೀರಿ!"

"ಅಂಟಿನುಂಡೆಯೇ? ಅದೇನೋ ನಮಗೆ ಗೊತ್ತಿಲ್ಲ. ನಾನು ಹೇಳುತ್ತಿರುವುದು..."

"ಸಾಕು ಮಾಡು! ಮಲಗಲು ಅಂಗೈಯಗಲ ಜಾಗ ಕೇಳಿದರೆ ಊರಿನ ಇರುವೆಯೆಲ್ಲ ನನ್ನ ಮೈಮೇಲೇ ಹೋಗಬೇಕೇ?" ರುದ್ರಪ್ಪ ಕಂಬಳಿಯನ್ನು ಎತ್ತಿ ಪಟಪಟನೆ ಕೊಡವಿದ. ಮೊಟ್ಟೆಗಳು ಮರಳಿಗೆ ಚೆಲ್ಲಿದವು.

ಅಕ್ಕಯ್ಯ ಮತ್ತೆ ಮಾತಾಡಲಿಲ್ಲ. ಚೆಲ್ಲಿದ ಮೊಟ್ಟೆಗಳನ್ನು ಹೆಕ್ಕಿಕೊಳ್ಳುವುದಕ್ಕೇ ಅವಳಿಗೆ ಹೊತ್ತು ಸಾಲದಾಗಿತ್ತು. ಸಾಕವ್ವ ಬಗ್ಗಿ ನಾಲ್ಕು ಮೊಟ್ಟೆ ಎತ್ತಿಕೊಟ್ಟು, "ಪಾಪ ರೀ, ಮಕ್ಕಳನ್ನು ಹೊತ್ತುಕೊಂಡು ಹೊರಟಿದ್ದಾರೆ" ಎಂದಳು.

"ಹೊರಡಲಿ. ನನ್ನ ತೊಡೆಯ ಮೇಲೆ ಯಾಕೆ ಹೊರಡಬೇಕು? ಬಾ, ಜಾಗ ಬದಲಾಯಿಸೋಣ."

ದಡದ ಇಳಿಜಾರಿನ ನಡುವೆ ಗೂಡಿನಂಥ ಒಂದು ಪೊಟರೆ ಇತ್ತು. ಇಬ್ಬರೂ ಅಲ್ಲಿಗೆ ಇಳಿದರು. ಜಾಲಿಯ ನೆರಳಿಗಿಂತ ಅಲ್ಲಿ ತಂಪು ಹೆಚ್ಚು. ರುದ್ರಪ್ಪ ಒಳಗೆ ತಲೆ ಹಾಕಿದ. ಮುಖಕ್ಕೆಲ್ಲ ಜೇಡರ ಬಲೆ ಮೆತ್ತಿಕೊಂಡಿತು. ಹುಬ್ಬಿಗೆ, ಮೀಸೆಗೆ, ಬಾಯಿಗೆ.

"ಥೂ! ಥೂ! ಇದೇನು ಊರೋ!"

"ಯಾರದು, ಹೇಳದೆ ಕೇಳದೆ ಮನೆಯೊಳಗೆ ಬಂದದ್ದು?" ಮೂಲೆಯಿಂದ ಒಂದು ಜೇಡ ಇಣುಕಿತು. ಹೆಸರು ತಾಯಮ್ಮ. ಎಂಟು ಕಾಲಿನ ನಡುವೆ ಮೊಟ್ಟೆ ತುಂಬಿದ ಒಂದು ಬಿಳಿ ಗಂಟು ಅವುಚಿಕೊಂಡಿದ್ದಳು. "ಹೋಗಲಿ ಬಿಡಿ, ಹೇಗೂ ನಾನು ಮನೆ ಖಾಲಿ ಮಾಡುತ್ತಿದ್ದೆ. ಹರಿದರೆ ಹರಿಯಿತು. ನೀವು ದಾರಿಹೋಕರು, ನಿಮಗೆ ಒಂದು ಮಾತು ಹೇಳಬೇಕು. ನಮ್ಮಜ್ಜಿಯ ಕಾಲದಲ್ಲಿ ಒಂದು ಸಲ ಹೀಗೇ ಆಗಿತ್ತು. ಆಗ ನಮ್ಮಜ್ಜಿ ಇದ್ದದ್ದು ಈ ಪೊಟರೆಯಲ್ಲಲ್ಲ, ಆ ಆಚೆಯ ಪೊಟರೆಯಲ್ಲಿ. ಅವಳಿಗೆ ಒಂದು ಕಾಲು ಊನ. ಆದರೂ ನೂಲು ಮಾತ್ರ ಎಷ್ಟು ನಯ ಎಂದರೆ..."

ತಾಯಮ್ಮನ ಮಾತು ತುಸು ಉದ್ದವೇ, ಅದನ್ನು ಒಪ್ಪಬೇಕು. ಆದರೂ ರುದ್ರಪ್ಪ ಸ್ವಲ್ಪ ತಾಳಬಹುದಿತ್ತು.

"ಅಮ್ಮಾ, ನಿನ್ನ ಅಜ್ಜಿಯ ಪುರಾಣ ಕೇಳಲು ನಾನು ಇಲ್ಲಿಗೆ ಬಂದಿಲ್ಲ!"

"ಪುರಾಣವಲ್ಲಪ್ಪ. ಇವತ್ತು ನನ್ನ ಬಲೆಯ ನೂಲು ಒದ್ದೆಯಾಗಿ ಜೋತುಬಿದ್ದಿದೆ. ಅಜ್ಜಿಯ ಬಲೆಯೂ ಅವತ್ತು ಹೀಗೇ..."

"ಗೊತ್ತು, ಗೊತ್ತು! ಬಲೆ ಕೆಟ್ಟದ್ದಕ್ಕೆ ನನ್ನ ಮೇಲೆ ತಪ್ಪು ಹೊರಿಸಬೇಕು, ಅಷ್ಟೇ ತಾನೇ?" ರುದ್ರಪ್ಪ ಮೀಸೆಯನ್ನು ಮತ್ತೆ ಮತ್ತೆ ಒರೆಸಿಕೊಂಡ. ನೂಲು ಮೀಸೆಯಿಂದ ಬೆರಳಿಗೆ ಬಂತು, ಬೆರಳಿನಿಂದ ಬಾಲಕ್ಕೆ ಹೋಯಿತು.

"ಯಾರಿಗೆ ಹೇಳುತ್ತಿದ್ದೇನೋ ನಾನು!" ಎಂದು ತಾಯಮ್ಮ ಗಂಟನ್ನು ಎತ್ತಿಕೊಂಡು ದುರುದುರು ದಡ ಹತ್ತಿ ಹೋದಳು.

ಸಾಕವ್ವ ಅವಳು ಹೋದ ದಿಕ್ಕನ್ನೇ ನೋಡಿದಳು. "ರೀ, ಇವಳೂ ಗಂಟು ಹೊತ್ತುಕೊಂಡು ಮೇಲಕ್ಕೇ ಹೋದಳಲ್ಲ? ಇರುವೆಗಳೂ ಅಲ್ಲಿಗೇ ಹೋದವು. ಏನೋ ಇದೆ. ನಾವೂ..."

"ಏನೂ ಇಲ್ಲ! ಎಲ್ಲಾ ಮೇಲೆ ಸೇರಿದ್ದಾರೆ ಎಂದರೆ ಕೆಳಗೆ ಖಾಲಿ ಇದೆ ಎಂದಾಯಿತು. ಅಷ್ಟೂ ತಿಳಿಯುವುದಿಲ್ಲವೇ ನಿನಗೆ? ನಡಿ."

ಹೀಗೆ ಹೇಳಿ ರುದ್ರಪ್ಪ ಹಳ್ಳದ ತಳಕ್ಕೇ ಇಳಿದುಬಿಟ್ಟ.

ಅಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ. ಇರುವೆಯ ಗೂಡು ಇತ್ತು, ಒಳಗೆ ಇರುವೆ ಇಲ್ಲ. ಕಲ್ಲಿನ ಸಂದಿಗಳಲ್ಲಿ ಬಲೆ ಇತ್ತು, ಜೇಡ ಇಲ್ಲ. ನುಣ್ಣನೆಯ ಮರಳು ಬೇರೆ, ಮುಟ್ಟಿದರೆ ತಣ್ಣಗಿತ್ತು.

"ನೋಡು! ಒಂದು ಹುಳ ಇದೆಯೇ ತೋರಿಸು!" ರುದ್ರಪ್ಪ ಕಂಬಳಿ ಹಾಸಿ, ಅಂಟಿನುಂಡೆಯ ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗಿದ. "ಮೊದಲೇ ಇಲ್ಲಿಗೆ ಬರಬೇಕಿತ್ತು."

ಅಷ್ಟರಲ್ಲಿ ಅವನ ಪಾದದ ಬಳಿಯ ಕಲ್ಲು ಅಲುಗಿತು. ಕೆಳಗಿನಿಂದ ಒಂದು ಚೇಳು ಹೊರಬಂತು. ಬೆನ್ನಿನ ಮೇಲೆ ಬಿಳಿಬಿಳಿ ಮರಿಗಳು, ಜಾತ್ರೆಗೆ ಹೊರಟ ಗಾಡಿಯಲ್ಲಿ ಕುಳಿತಂತೆ ಒತ್ತೊತ್ತಾಗಿ ಕುಳಿತಿದ್ದವು.

ರುದ್ರಪ್ಪ ಎದ್ದು ಮಾರು ದೂರ ಹಾರಿದ. "ಇಲ್ಲೂ ಬಂದೆಯಾ! ಇರುವೆ ಆಯಿತು, ಜೇಡ ಆಯಿತು, ಈಗ ಚೇಳು! ನನ್ನನ್ನು ಮಲಗಲು ಬಿಡಬಾರದು ಎಂದು ಸಭೆ ಸೇರಿ ಮಾತಾಡಿಕೊಂಡಿದ್ದೀರಾ?"

ಕೊಂಡವ್ವ ಎಂಬ ಆ ಚೇಳಿಗೆ ಮಾತು ಕಡಿಮೆ. "ಮರಿಗಳನ್ನು ಬೆನ್ನಿಗೆ ಹತ್ತಿಸಿಕೊಳ್ಳುವುದರಲ್ಲಿ ತಡವಾಯಿತು. ನಿಮ್ಮನ್ನು ಕುಟುಕಲು ನನಗೆ ಬಿಡುವಿಲ್ಲ. ನೆಲ ನಡುಗುತ್ತಿದೆ. ನನ್ನ ಕಾಲಿಗೆ ತಿಳಿಯುತ್ತದೆ. ದೂರದ ಬೆಟ್ಟದಲ್ಲಿ..."

"ಗೊತ್ತು, ಗೊತ್ತು! ನೆಲ ನಡುಗುತ್ತದೆ, ಆಕಾಶ ಬೀಳುತ್ತದೆ! ನಾನು ಎದ್ದು ಹೋಗಬೇಕು, ನಿನಗೆ ಈ ತಂಪು ಜಾಗ ಸಿಗಬೇಕು. ಮೇಲೆ ನೋಡು, ಒಂದು ಮೋಡ ಇದೆಯೇ?"

ನಿಜ, ಮಕ್ಕಳೇ. ಅಲ್ಲಿ ಒಂದು ಚೂರು ಮೋಡವೂ ಇರಲಿಲ್ಲ.

ಕೊಂಡವ್ವನಿಗೂ ರೇಗಿತು. "ಜಾಗ ಬೇಕಾದವಳು ಜಾಗ ಬಿಟ್ಟು ಹೋಗುತ್ತಾಳೇನಯ್ಯ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ದಡದ ಕಡೆ ನಡೆದಳು.

ಸಾಕವ್ವ ಕಂಬಳಿಯಿಂದ ಎದ್ದಳು. "ರೀ, ನಾನು ಮೇಲೆ ಹೋಗುತ್ತೇನೆ. ಆ ಗಂಟು ಕೊಡಿ."

"ಕೊಡುವುದಿಲ್ಲ. ಮೇಲೆ ಇರುವೆಗಳ ದಂಡೇ ಇದೆ. ಉಂಡೆಯ ಒಂದು ಚೂರೂ ಉಳಿಯುವುದಿಲ್ಲ."

"ನಿಮಗೆ ಹೇಳಿ ಹೇಳಿ ನನಗೇ ಸಾಕಾಯಿತು!" ಸಾಕವ್ವ ಬಾಲ ಝಾಡಿಸಿ ದಡ ಹತ್ತಿದಳು. ದಾರಿಯಲ್ಲಿ ಕೊಂಡವ್ವನ ಪಕ್ಕ ನಿಧಾನಿಸಿ, "ನೀವು ಏನೋ ಹೇಳುತ್ತಿದ್ದಿರಿ. ಪೂರ್ತಿ ಹೇಳಿ ತಾಯಿ" ಎಂದಳು.

"ಬೆಟ್ಟದಲ್ಲಿ ದೊಡ್ಡ ಮಳೆಯಾಗಿದೆ. ಅಲ್ಲಿ ಬಿದ್ದ ನೀರು ಈ ಹಳ್ಳಕ್ಕೇ ಬರುತ್ತದೆ. ಇಲ್ಲಿ ಮಳೆ ಬರಬೇಕಾಗಿಲ್ಲ."

ಸಾಕವ್ವ ತಿರುಗಿ ನಿಂತು ಕೂಗಿದಳು. "ರೀ! ಏಳಿ! ನೀರು ಬರುತ್ತಿದೆಯಂತೆ!"

ಮತ್ತೆ ಕಂಬಳಿಯ ಮೇಲೆ ಮಲಗಿದ್ದ ರುದ್ರಪ್ಪ ಕಣ್ಣು ಮುಚ್ಚಿಕೊಂಡೇ ಕೈ ಬೀಸಿದ. ಅವಳು ಇನ್ನೂ ಎರಡು ಸಲ ಕೂಗಿದಳು. ಮೂರನೆಯ ಸಲ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಹಳ್ಳದ ತಿರುವಿನಿಂದ ನೂರು ಆನೆ ಒಟ್ಟಿಗೆ ಓಡಿ ಬಂದಂಥ ಸದ್ದು ಬಂತು.

ಕೆಂಪು ನೀರು. ಮುಂದೆ ನೊರೆ, ಮುಳ್ಳುಕಂಟಿ, ಉರುಳುವ ಕಲ್ಲು. ರುದ್ರಪ್ಪ ಕಣ್ಣು ಬಿಟ್ಟು "ಗೊ..." ಎನ್ನುವಷ್ಟರಲ್ಲಿ ಅದು ಅವನನ್ನು ಎತ್ತಿ ಒಗೆಯಿತು. ಕಂಬಳಿ ಒಂದು ಕಡೆ ಹೋಯಿತು, ಅಂಟಿನುಂಡೆಯ ಗಂಟು ಇನ್ನೊಂದು ಕಡೆ. ಅವನು ಒಂದು ಸುತ್ತು ತಿರುಗಿ ದೊಡ್ಡ ಬಂಡೆಯ ಬುಡಕ್ಕೆ ಬಡಿದ. ಬಾಲಕ್ಕೆ ಜಾಲಿಯ ಬೇರು ಸಿಕ್ಕಿತು. ಅದಕ್ಕೇ ಜೋತುಬಿದ್ದ. ಕಣ್ಣಿನ ತುಂಬ ಕೆಸರು, ಏನೂ ಕಾಣದು.

ಬಂಡೆಯ ಅಂಚಿನಲ್ಲಿ ಸಾಕವ್ವ ಹೊಟ್ಟೆ ಊರಿ ಮಲಗಿ ಕೈ ಚಾಚಿದಳು. ಎಟುಕಲಿಲ್ಲ. ಬೇರು ಒಂದೊಂದೇ ಎಳೆ ಬಿಡತೊಡಗಿತು.

ಆಗ ಕೊಂಡವ್ವ ಬಂಡೆಯ ಪಕ್ಕಕ್ಕೆ ಇಳಿದು ನೋಡಿ ಕೂಗಿದಳು. "ಏ ಮುಸುವಪ್ಪಾ! ಎಡಗೈ ಮೇಲಕ್ಕೆತ್ತು. ಮೊದಲು ಕೈಗೆ ಸಿಗುವ ಕಲ್ಲನ್ನು ಹಿಡಿಯ..."

ಅಲೆಯೊಂದು ಬಡಿದು ಮಾತು ಕತ್ತರಿಸಿತು. ರುದ್ರಪ್ಪನ ಬೆರಳು ಆಗಲೇ ಕಲ್ಲಿಗೆ ತಾಗಿತ್ತು. ಬೇರೆ ದಿನವಾಗಿದ್ದರೆ "ಗೊತ್ತು" ಎಂದು ಹಿಡಿದೇಬಿಡುತ್ತಿದ್ದ. ಆದರೆ ಬಾಯಿ ತುಂಬ ನೀರು, ಎದೆ ತುಂಬ ಭಯ. ಜೀವಮಾನದಲ್ಲಿ ಮೊದಲ ಸಲ ಅವನು ಮುಂದಿನ ಮಾತಿಗೆ ಕಾದ.

"...ಬೇಡ!" ಎಂದು ಬಂತು ಕೊಂಡವ್ವನ ಕೂಗು. "ಅದು ಸಡಿಲ ಕಲ್ಲು! ಅದರ ಮೇಲೆ ಒಂದು ಸೀಳಿದೆ, ಅದರೊಳಗೆ ಬೆರಳು ಹಾಕು! ಬಲಗಾಲು ಈಗಲೇ ಎತ್ತಬೇಡ. ನಾನು ಹೇಳಿದಾಗ ಎತ್ತು!"

ಅವನು ಸೀಳಿಗೆ ಬೆರಳು ಹಾಕಿದ. ಪಕ್ಕದಲ್ಲೇ ಆ ಸಡಿಲ ಕಲ್ಲು ಕಳಚಿ ದಬ್ ಎಂದು ನೀರಿಗೆ ಬಿತ್ತು. "ಈಗ ಎತ್ತು!" ಎಂದಾಗ ಕಾಲೆತ್ತಿದ. ಸಾಕವ್ವನ ಕೈಗೆ ಅವನ ಮಣಿಕಟ್ಟು ಸಿಕ್ಕಿತು. ಅವಳು ಎಳೆದ ರಭಸಕ್ಕೆ ಇಬ್ಬರೂ ಬಂಡೆಯ ಮೇಲೆ ಅಂಗಾತ ಬಿದ್ದರು.

ನೀರು ಬಂಡೆಯನ್ನು ಸುತ್ತುವರಿದಿತ್ತು. ಮೇಲೆ ಒಂದು ಜಮಖಾನದಷ್ಟು ಜಾಗ. ಅಷ್ಟರಲ್ಲೇ ಇರುವೆಗಳ ಇಡೀ ಊರು, ಜೇಡಗಳು, ಚೇಳುಗಳು, ಇಬ್ಬರು ಮುಸುವರು. ಅಕ್ಕಯ್ಯನ ಮಂದಿ ಜಾಗವಿಲ್ಲದೆ ರುದ್ರಪ್ಪನ ತೊಡೆಯ ಮೇಲೇ ಮೊಟ್ಟೆಗಳನ್ನು ಪೇರಿಸಿದರು. ತಾಯಮ್ಮ ಅವನ ಮಂಡಿಯ ಮೇಲೆ ಕುಳಿತಳು. ಅವನು ಉಸಿರನ್ನೂ ಮೆಲ್ಲಗೆ ಬಿಟ್ಟ.

"ಕೊಂಡವ್ವಾ, ನಾನು ನಿನ್ನನ್ನು ಅಷ್ಟು ಬೈದೆ. ಆದರೂ ದಾರಿ ತೋರಿಸಿದೆ" ಎಂದ.

"ಬೈದದ್ದಕ್ಕೆ ಸಿಟ್ಟು ಈಗಲೂ ಇದೆ" ಎಂದಳು ಕೊಂಡವ್ವ. "ಹಾಗೆಂದು ಮುಳುಗುವುದನ್ನು ನೋಡುತ್ತ ಕೂರಲಾಗುತ್ತದೆಯೇ?"

ರುದ್ರಪ್ಪ ತಲೆ ತಗ್ಗಿಸಿ ಅಕ್ಕಯ್ಯನ ಕಡೆ ತಿರುಗಿದ. "ಮೊಟ್ಟೆಗಳೆಲ್ಲ ಸಿಕ್ಕವೇ ತಾಯಿ?"

"ಎಲ್ಲಾ ಸಿಗಲಿಲ್ಲ" ಎಂದಳು ಅಕ್ಕಯ್ಯ.

ಸಾಕವ್ವ ಹರಿಯುವ ನೀರನ್ನೇ ನೋಡುತ್ತಿದ್ದಳು. ಬಾಣಂತಿ ತಂಗಿಯ ಬಳಿಗೆ ಬರಿಗೈಯಲ್ಲಿ ಹೋಗಬೇಕಲ್ಲ ಎಂಬ ಸಂಕಟ ಅವಳದು.

ಮರುದಿನ ಬೆಳಿಗ್ಗೆ ನೀರು ಇಳಿದ ಮೇಲೆ ಒಂಟೆ ಮಲ್ಲೋಜಿ ಕೆಸರು ತುಳಿದುಕೊಂಡು ಬಂದ. ಒದ್ದೆಯಾಗಿ ಮುದುಡಿದ್ದ ರುದ್ರಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹಳ್ಳದ ಕಡೆ ಮಾತ್ರ ಹೋಗಬೇಡಿ ಎಂದು ಹೇಳಲು ಹೊರಟಿದ್ದೆ" ಎಂದ.

ಪ್ರಯಾಣ ಮುಂದುವರಿಯಿತು. ಮಧ್ಯಾಹ್ನ ಒಂದು ಮರಳುದಿಬ್ಬದ ನೆರಳಲ್ಲಿ ತಂಗಿದರು. ರುದ್ರಪ್ಪ ಕುಳಿತು ಇನ್ನೂ ಬೆನ್ನು ನೆಟ್ಟಗೆ ಮಾಡಿಲ್ಲ, ಮರಳಿನಿಂದ ಒಂದು ಕಪ್ಪು ಜೀರುಂಡೆ ಎದ್ದು ಬಂದು, "ಸ್ವಾಮೀ, ಒಂದು ಮಾತು" ಎಂದಿತು.

ರುದ್ರಪ್ಪನ ಬಾಯಿಗೆ "ಗೊ..." ಬಂದಿತ್ತು. ಸಾಕವ್ವ ನೋಡಿದಳು. ಅವನು ಅದನ್ನು ನುಂಗಿಕೊಂಡು, "ಹೇಳಪ್ಪ" ಎಂದ.

ಜೀರುಂಡೆ ಹೇಳಿತು. ತನ್ನ ಭಾವಮೈದ ಸೋಮಾರಿ ಎಂದಿತು. ಅವನು ಮಾಡಿದ ಸಗಣಿಯುಂಡೆ ದುಂಡಗಿರುವುದಿಲ್ಲ ಎಂದಿತು. ಹೋದ ವರ್ಷ ಒಂದು ಉಂಡೆಯನ್ನು ಇಬ್ಬರೂ ಸೇರಿ ಉರುಳಿಸಿದ್ದನ್ನೂ, ಅರ್ಧ ದಾರಿಯಲ್ಲಿ ಅವನು ಕೈಬಿಟ್ಟದ್ದನ್ನೂ, ಆಮೇಲೆ ಯಾರು ಯಾರಿಗೆ ಏನೇನು ಅಂದರೆಂಬುದನ್ನೂ ಹೇಳಿತು. ನೆರಳು ಒಂದು ಮೊಳ ಸರಿಯಿತು. ರುದ್ರಪ್ಪ ಹಲ್ಲು ಕಚ್ಚಿದ, ಬಾಲ ಹಿಂಡಿಕೊಂಡ, ಮರಳಿನಲ್ಲಿ ಗೆರೆ ಎಳೆದ. ಆದರೆ ನಡುವೆ ಬಾಯಿ ಹಾಕಲಿಲ್ಲ.

ಕೊನೆಗೆ ಜೀರುಂಡೆ, "ಅಷ್ಟೇ ಸ್ವಾಮಿ. ಹೇಳಿಕೊಂಡು ಹಗುರವಾಯಿತು" ಎಂದು ಹೊರಟುಹೋಯಿತು.

"ಇಷ್ಟು ಹೊತ್ತು ಕೇಳಿದ್ದರಲ್ಲಿ ಉಪಯೋಗಕ್ಕೆ ಬರುವ ಒಂದಾದರೂ ಮಾತು ಇತ್ತೇನೇ?" ರುದ್ರಪ್ಪ ಹಣೆ ಚಚ್ಚಿಕೊಂಡ.

"ಇರಲಿಲ್ಲ ಬಿಡಿ" ಎಂದಳು ಸಾಕವ್ವ. ನಿನ್ನೆಯಿಂದ ಅವಳು ಮೊದಲ ಸಲ ನಕ್ಕಳು. "ಆದರೆ ಅದು ಗೊತ್ತಾದದ್ದು ಪೂರ್ತಿ ಕೇಳಿದ ಮೇಲೆ ತಾನೇ?"

ನೀತಿ: ಹೇಳಲು ಬಂದವರು ಎಷ್ಟೇ ಚಿಕ್ಕವರಾಗಿರಲಿ, ಅವರ ಮಾತನ್ನು ಕೊನೆಯವರೆಗೆ ಕೇಳಬೇಕು, ನಮ್ಮನ್ನು ಉಳಿಸುವ ಮಾತು ಕೊನೆಯಲ್ಲಿಯೂ ಇರಬಹುದು.